ಇಪ್ಪತ್ತಮೂರು ಹೆಸರು

ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಕೋಣೆಯ ಗೋಡೆಯಲ್ಲಿ ಎರಡು ವಸ್ತುಗಳಿವೆ. ಒಂದು, ಈ ಮೊಹಲ್ಲಾದ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದ ಪಂಚಾಂಗ. ಹಿಂದಿನ ಬಾಡಿಗೆಯವರು ಮೊಳೆಗೆ ನೇತುಹಾಕಿ ಹಾಗೇ ಬಿಟ್ಟುಹೋಗಿದ್ದು. ಇನ್ನೊಂದು, ಸರ್ಕಾರಿ ನೌಕರಿಯ ಪರೀಕ್ಷೆಗೆ ಉರುಹೊಡೆಯಲು ನಾನೇ ಬರೆದು ಅಂಟಿಸಿದ ಮುಖ್ಯಮಂತ್ರಿಗಳ ಪಟ್ಟಿ. 1947ರಿಂದ 2023ರ ಮೇ ತಿಂಗಳವರೆಗೆ ಪ್ರಮಾಣವಚನ ತೆಗೆದುಕೊಂಡವರು. ಒಬ್ಬೊಬ್ಬರು ಎರಡು ಸಲ, ಮೂರು ಸಲ ಬಂದದ್ದನ್ನು ಒಂದೇ ಎಂದು ಹಿಡಿದರೆ ಒಟ್ಟು ಇಪ್ಪತ್ತಮೂರು ಹೆಸರು.

ಕಣ್ಣು ತೋರಿಸೋಕೆ ಅಂತ ಊರಿಂದ ಬಂದ ನಮ್ಮಜ್ಜಿ ಎರಡು ದಿನ ಇಲ್ಲೇ ಇತ್ತು. ಅಕ್ಷರ ಬಾರದು. 'ಅದೇನ್ಲ ಮಗ ಗ್ವಾಡೆ ಮ್ಯಾಲೆ ಬರ್ದು ಮಡಗಿದ್ದೀಯ, ಓದು ಕೇಳ್ತೀನಿ' ಅಂತು. ಓದಿದೆ. ಏಳು ಹೆಸರು ಕಳೆಯೋವರೆಗೂ ಸುಮ್ಮನಿತ್ತು. ಎಂಟನೆಯ ಹೆಸರಿಗೆ 'ಅರಸು' ಅಂತ ತಾನೇ ಹೇಳಿತು. ಪಟ್ಟಿ ಮುಗಿದ ಮೇಲೆ ಕೇಳಿತು: 'ಬಸವಲಿಂಗಪ್ನೋರು ಎಲ್ಲವ್ರೆ? ಅವರನ್ನ ಓದ್ಲೇ ಇಲ್ವಲ್ಲ?'

ಅವರು ಮಂತ್ರಿ ಅಷ್ಟೇ ಕಣಜ್ಜಿ, ಮುಖ್ಯಮಂತ್ರಿ ಆಗಲಿಲ್ಲ ಅಂದೆ. ಅಜ್ಜಿ ನಂಬಲಿಲ್ಲ. ಇಷ್ಟು ವರ್ಷ ಅದರ ತಲೆಯಲ್ಲಿ ಬಿ. ಬಸವಲಿಂಗಪ್ಪನವರು ಈ ರಾಜ್ಯ ಆಳಿದವರೇ.

ಗೆಳೆಯರೇ, ಈ ಬರಹ ಶುರುವಾದದ್ದು ಅಜ್ಜಿಯ ಆ ತಪ್ಪು ತಿಳಿವಳಿಕೆಯಿಂದ. ಪರೀಕ್ಷೆಗೆ ಓದುವಾಗ ಈ ಪಟ್ಟಿಯಲ್ಲಿ ಇಸವಿ ಮಾತ್ರ ಕಾಣುತ್ತದೆ. ಅಜ್ಜಿ ಕೇಳಿದ್ದು ಇಸವಿಯನ್ನಲ್ಲ.

1947ರ ಆಗಸ್ಟ್ 15ಕ್ಕೆ ದೇಶ ಬಿಡುಗಡೆಯಾಯಿತು ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಮೈಸೂರಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಇಲ್ಲಿ ಮಹಾರಾಜರೂ ಇದ್ದರು, ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರೂ ಇದ್ದರು. ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಶುರುವಾಗಿ, 'ಆರ್ಕಾಟ್ ಬಾಯ್‌ಕಾಟ್' ಅಂತ ಕೂಗಿ, ಜನ ಜೈಲು ತುಂಬಿ, ಗುಂಡಿಗೆ ಎದೆಯೊಡ್ಡಿದ ಮೇಲೆ ಅಕ್ಟೋಬರ್ 25ಕ್ಕೆ ಕೆ. ಚೆಂಗಲರಾಯ ರೆಡ್ಡಿಯವರ ಸರ್ಕಾರ ಬಂತು. ಆ ಮೊದಲ ಮಂತ್ರಿಮಂಡಲದಲ್ಲೇ ಆರ್. ಚೆನ್ನಿಗರಾಮಯ್ಯ ಎಂಬ ದಲಿತರಿದ್ದರು. ಇದನ್ನು ನೆನಪಿಡಬೇಕು. ನಮಗೆ ಮಂತ್ರಿಗಿರಿಯ ಬಾಗಿಲು ಮೊದಲ ದಿನದಿಂದಲೂ ತೆರೆದೇ ಇತ್ತು. ಅದರಾಚೆ ಇನ್ನೊಂದು ಬಾಗಿಲಿತ್ತು.

1952ರಲ್ಲಿ ಕೆಂಗಲ್ ಹನುಮಂತಯ್ಯ ಬಂದರು. ಇವರ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ವಿಧಾನಸೌಧ. ಅಡಿಗಲ್ಲು ಹಾಕಿದ್ದು 1951ರಲ್ಲಿ ನೆಹರೂ, ಕಟ್ಟಿ ಮುಗಿದದ್ದು 1956ರಲ್ಲಿ. ಎರಡು ಕೋಟಿಗೆ ಹತ್ತಿರ ಖರ್ಚಾಯಿತು ಅಂತ ಆಗ ದೊಡ್ಡ ಗಲಾಟೆಯೇ ಎದ್ದಿತು. ಕಲ್ಲುಕುಟಿಗರು, ಮಣ್ಣು ಹೊತ್ತವರು ಸಾವಿರಾರು ಮಂದಿ. ಜೈಲಿನ ಕೈದಿಗಳೂ ದುಡಿದರು. ಆ ಕಟ್ಟಡದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆಸಿದ್ದಾರೆ. ದೇವರ ಕೆಲಸ ಅಂದರೆ ನಮ್ಮವರಿಗೆ ಗೊತ್ತಿದ್ದದ್ದು ಒಂದೇ: ಗುಡಿಯ ಹೊರಗೆ ನಿಂತು ತಮಟೆ ಬಡಿಯುವುದು. ಕೆಂಗಲ್ಲರಿಗೆ ಆ ಅರ್ಥ ಹೊಳೆದಿರಲಿಕ್ಕಿಲ್ಲ.

ಅವರ ನಂತರ ಎಪ್ಪತ್ತಮೂರು ದಿನ ಮಾತ್ರ ಆಳಿದ ಕಡಿದಾಳ್ ಮಂಜಪ್ಪನವರನ್ನು ಪರೀಕ್ಷೆಯವರು 'ಅತಿ ಕಡಿಮೆ ಅವಧಿ' ಎಂಬ ಪ್ರಶ್ನೆಗೆ ಹತ್ತಿರದ ತಪ್ಪು ಉತ್ತರವಾಗಿ ಬಳಸುತ್ತಾರೆ. ನಿಜವಾಗಿ ಅವರನ್ನು ನೆನೆಯಬೇಕಾದ್ದು ಕಂದಾಯ ಮಂತ್ರಿಯಾಗಿ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತ ಮೇಲೆ, 1952ರ ಗೇಣಿ ಕಾಯಿದೆ, 1954ರ ಇನಾಂ ರದ್ದತಿ ಇವೆಲ್ಲ ಬಂದದ್ದು ಅವರ ಕಾಲದಲ್ಲಿ. ಅರಸು ಅವರ ಕಥೆ ಅರಸು ಅವರಿಂದಲೇ ಶುರುವಾಯಿತು ಅಂತ ಹೇಳುವವರು ಇದನ್ನು ಮರೆಯುತ್ತಾರೆ.

1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ಒಂದಾಗುವ ಮುಂಚೆ ನಡೆದ ಜಗಳ ಏನು ಗೊತ್ತೆ? ಆ ಕಡೆಯವರು ಬಂದರೆ ಲಿಂಗಾಯತರ ಸಂಖ್ಯೆ ಜಾಸ್ತಿಯಾಗುತ್ತದೆ, ಹಳೇ ಮೈಸೂರಿನ ಒಕ್ಕಲಿಗರ ಕೈ ಕೆಳಗಾಗುತ್ತದೆ ಅಂತ. ಕೆಂಗಲ್ಲರು ತಮ್ಮವರ ಮಾತು ಮೀರಿ ಏಕೀಕರಣದ ಪರ ನಿಂತರು. ಅದು ಅವರ ದೊಡ್ಡತನ. ಆದರೆ ಆ ಇಡೀ ಲೆಕ್ಕಾಚಾರದಲ್ಲಿ ಹೊಲಗೇರಿ ಮಾದಿಗಕೇರಿಗಳ ತಲೆ ಎಣಿಸಿದವರಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ನಾವೂ ಒಂದಾದೆವಲ್ಲ, ನಮ್ಮ ಸಂಖ್ಯೆಯೂ ಜಾಸ್ತಿಯಾಯಿತಲ್ಲ, ಅದಕ್ಕೆ ಯಾರೂ ಹೆದರಲಿಲ್ಲ.

ಆಮೇಲಿನ ಹದಿನೈದು ವರ್ಷವನ್ನು ಬೇಗ ದಾಟಬಹುದು. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ್. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಎಸ್.ಆರ್. ಕಂಠಿಯವರನ್ನು ಮೂರು ತಿಂಗಳು ಕೂರಿಸಿ, ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ ಕುರ್ಚಿ ಕಾದಿಟ್ಟರು. ಕಂಠಿಯವರು ಎದ್ದು ಜಾಗ ಬಿಟ್ಟುಕೊಟ್ಟರು ಅನ್ನುವುದನ್ನು ಇವತ್ತಿನ ರಾಜಕಾರಣಿಗಳು ನೋಡಿ ಕಲಿಯಬೇಕು, ಅದು ಬೇರೆ ಮಾತು. ಜತ್ತಿಯವರ ಕಾಲದಲ್ಲಿ ಮಾಡಿದ 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಗಾಂಧಿ ಜಯಂತಿಗೆ. ನಾಲ್ಕು ವರ್ಷ ಸಿಕ್ಕರೆ ಭೂಮಾಲೀಕ ಸುಮ್ಮನಿರುತ್ತಾನೆಯೇ? ಅದರಲ್ಲಿ 'ಸ್ವಂತ ಸಾಗುವಳಿ' ಅಂತ ಒಂದು ಕಂಡಿ ಬಿಟ್ಟಿದ್ದರು. ಆ ಕಂಡಿಯಲ್ಲಿ ತೂರಿ ಗೇಣಿದಾರರನ್ನು ಹೊಲದಿಂದ ಎಬ್ಬಿಸಿದರು.

ಈಗ ಅಜ್ಜಿಗೆ ಗೊತ್ತಿರುವ ಹೆಸರಿಗೆ ಬರೋಣ.

ದೇವರಾಜ ಅರಸು ಹುಣಸೂರಿನ ಕಲ್ಲಹಳ್ಳಿಯವರು. 1972ರ ಮಾರ್ಚ್ 20ಕ್ಕೆ ಮುಖ್ಯಮಂತ್ರಿಯಾದರು. ಅದುವರೆಗೆ ಕುರ್ಚಿಯಲ್ಲಿ ಕೂತವರೆಲ್ಲ ಎರಡು ದೊಡ್ಡ ಜಾತಿಗಳವರೇ. ಅರಸು ಅವರ ಜಾತಿಗೆ ಸಂಖ್ಯೆಯೇ ಇರಲಿಲ್ಲ. ಸಂಖ್ಯೆ ಇಲ್ಲದವನು ಸಂಖ್ಯೆ ಹುಡುಕಿದ. ಕುರುಬರಲ್ಲಿ, ಈಡಿಗರಲ್ಲಿ, ಬೆಸ್ತರಲ್ಲಿ, ಮುಸಲ್ಮಾನರಲ್ಲಿ, ನಮ್ಮಲ್ಲಿ. ಇದು ಕರುಣೆಯೋ ತಂತ್ರವೋ ಅಂತ ಪಂಡಿತರು ಚರ್ಚೆ ಮಾಡುತ್ತಾರೆ. ತಂತ್ರವೇ ಇರಲಿ. ಅಂಥ ತಂತ್ರ ಅದಕ್ಕೆ ಮೊದಲು ಯಾರಿಗೂ ಯಾಕೆ ಬೇಕಾಗಲಿಲ್ಲ?

1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣೆ ಜಾರಿಗೆ ಬಂತು. ಗೇಣಿಯೇ ರದ್ದು. ಉಳುವವನು ಫಾರಂ ನಂಬರ್ 7 ತುಂಬಿ ಕೊಡಬೇಕು, ತಾಲ್ಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಬೇಕು. ಆ ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಹೊರಗಿನ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ಮೊದಲಿಗೆ ವಕೀಲರಿಗೆ ಪ್ರವೇಶವಿಲ್ಲ. ಇದು ಸಣ್ಣ ಸಂಗತಿಯಲ್ಲ. ವಕೀಲನಿಲ್ಲದ ಕಡೆ ಗೇಣಿದಾರ ತನ್ನ ಬಾಯಲ್ಲೇ ಮಾತಾಡಬಹುದು, ಪಕ್ಕದ ಹೊಲದವನು ಬಂದು 'ಹೂಂ ಸ್ವಾಮಿ, ಇವನೇ ಉಳ್ತಿದ್ದ' ಅನ್ನಬಹುದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಲಕ್ಷಾಂತರ ಜನ ಒಡೆಯರಾದರು.

ನಮ್ಮೂರಿನ ಕೇರಿಯಲ್ಲಿ ಫಾರಂ ನಂಬರ್ 7 ತುಂಬಿದವರು ಒಬ್ಬರೂ ಇಲ್ಲ. ಯಾಕೆಂದರೆ ನಮ್ಮವರು ಗೇಣಿದಾರರೇ ಅಲ್ಲ. ಜೀತದಾಳಿಗೆ ಎಲ್ಲಿಯ ಗೇಣಿ? ಕೂಲಿಗೆ ಎಲ್ಲಿಯ ಚೀಟಿ? 'ಉಳುವವನೇ ಹೊಲದೊಡೆಯ' ಅಂದರು. ನೇಗಿಲು ಹಿಡಿದವನು ನಮ್ಮ ತಾತ, ಕಾನೂನಿನ ಪ್ರಕಾರ ಉಳುವವನು ಬೇರೆ. ಅರಸು ಅವರ ಭೂಸುಧಾರಣೆಯ ಮೇಲೆ ಪುಟಗಟ್ಟಲೆ ಬರೆದ ನಮ್ಮ ಬುದ್ಧಿಜೀವಿಗಳು ಈ ಒಂದು ಸಾಲನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಹಾಗಾದರೆ ಅಜ್ಜಿಗೆ ಅರಸು ಹೆಸರು ಬಾಯಿಪಾಠ ಯಾಕೆ? ಅದಕ್ಕೆ ಇನ್ನೊಂದು ಕಾಯಿದೆ ಕಾರಣ. ಅದು ಮುಂದೆ ಬರುತ್ತದೆ. ಅದಕ್ಕೂ ಮೊದಲು ಬಸವಲಿಂಗಪ್ಪನವರ ಕಥೆ ಆಗಬೇಕು.

ಅರಸು ಮಂತ್ರಿಮಂಡಲದಲ್ಲಿ ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ಹೊರಡಿಸಿದವರು ಅವರು. ಒಂದು ಕ್ಷಣ ಯೋಚನೆ ಮಾಡಿ. ಅದಕ್ಕೆ ಮುಂಚೆ ಮುನಿಸಿಪಾಲಿಟಿಗಳನ್ನು ಆಳಿದ ಮಂತ್ರಿಗಳೆಲ್ಲ ಓದಿದವರೇ, ಖಾದಿ ಉಟ್ಟವರೇ, ಬಹುಪಾಲು ಗಾಂಧಿಯನ್ನು ಕಂಡವರೇ. ಬೆಳಗಿನ ಜಾವ ಬಕೆಟ್ಟು ಹೊತ್ತು ಹೋಗುವ ಹೆಂಗಸು ಅವರ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಆದರೆ ಅವಳು ಅವರ ಅಕ್ಕ ಆಗಿರಲಿಲ್ಲ.

1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಮಾತಾಡುತ್ತಾ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ನಾಡಿಗೆ ಬೆಂಕಿ ಬಿತ್ತು. ಮೆರವಣಿಗೆ, ಕಲ್ಲು ತೂರಾಟ, ಹಾಸ್ಟೆಲುಗಳಲ್ಲಿ ದಲಿತ ಹುಡುಗರಿಗೆ ಹೊಡೆತ. ದನಕ್ಕೆ ಹಾಕುವ ಬೂಸಾ ಅನ್ನುವ ಒಂದು ಮಾತಿಗೆ ಇಷ್ಟು ನೊಂದವರು, ಹಾಸ್ಟೆಲಿನ ಹುಡುಗನ ತಲೆ ಒಡೆದಾಗ ನೋಯಲಿಲ್ಲ. ಕೊನೆಗೆ ಮಂತ್ರಿ ರಾಜೀನಾಮೆ ಕೊಟ್ಟರು. ಅರಸು ಅದನ್ನು ತೆಗೆದುಕೊಂಡರು. ಭೂಮಾಲೀಕರನ್ನು ಎದುರು ಹಾಕಿಕೊಂಡ ಧೀರ, ಒಬ್ಬ ದಲಿತ ಮಂತ್ರಿಯ ನಾಲಿಗೆಯನ್ನು ಕಾಪಾಡಲಾರದೆ ಹೋದರು. ಅರಸು ಅವರ ಪಟಕ್ಕೆ ಹಾರ ಹಾಕುವಾಗ ಈ ಮಾತನ್ನೂ ಆಡೋಣ. ಆ ಗಲಾಟೆಯಲ್ಲಿ ಪೆಟ್ಟು ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು; ಬರೆಯುವುದಕ್ಕೆ ನಿಂತರು. ಈ ಪತ್ರಿಕೆಯಂಥ ಪತ್ರಿಕೆಗಳ ಹುಟ್ಟಿನ ಬೇರೂ ಅಲ್ಲಿದೆ.

ಬೂಸಾ ಗಲಾಟೆ ನಡೆದ ಅದೇ ನವೆಂಬರಿನ ಮೊದಲ ದಿನ ಮೈಸೂರು ರಾಜ್ಯ ಕರ್ನಾಟಕ ಆಯಿತು. ಹೆಸರು ಬದಲಿಸುವುದು ಬಿಡುಗಡೆ ಕಂಡ ನಾಡುಗಳೆಲ್ಲದರ ಆಸೆ. ಪಶ್ಚಿಮ ಆಫ್ರಿಕದಲ್ಲಿ 1957ರ ಮಾರ್ಚ್ 6ಕ್ಕೆ ಗೋಲ್ಡ್ ಕೋಸ್ಟ್ ಹೋಗಿ ಘಾನಾ ಬಂತು, ಕ್ವಾಮೆ ಎನ್‌ಕ್ರುಮಾ ನಾಯಕರಾದರು. ಒಂಬತ್ತು ವರ್ಷಕ್ಕೆ, ಅವರು ಹೊರದೇಶದ ಪ್ರಯಾಣದಲ್ಲಿದ್ದಾಗ, ಸೈನ್ಯ ಕುರ್ಚಿ ಕಿತ್ತುಕೊಂಡಿತು. ಅದರ ಪಕ್ಕದ ಅಪ್ಪರ್ ವೋಲ್ಟಾ 1984ರಲ್ಲಿ ಬುರ್ಕಿನಾ ಫಾಸೋ ಆಯಿತು. ಹೆಸರು ಬದಲಿಸಿದ ಥಾಮಸ್ ಸಂಕಾರಾ ಮಂತ್ರಿಗಳ ಮರ್ಸಿಡಿಸ್ ಕಾರುಗಳನ್ನು ಮಾರಿಸಿದರು; ಊರ ಗೌಡಿಕೆಯವರು ಬಡವರಿಂದ ವಸೂಲು ಮಾಡುತ್ತಿದ್ದ ಕಾಣಿಕೆ, ಬಿಟ್ಟಿ ಚಾಕರಿ ಎರಡನ್ನೂ ರದ್ದು ಮಾಡಿದರು. 1987ರ ಅಕ್ಟೋಬರಿನಲ್ಲಿ ಅವರನ್ನು ಕೊಂದರು. ಬಿಟ್ಟಿ ಚಾಕರಿ ಅನ್ನುವ ಮಾತು ಓದಿದಾಗ ನನಗೆ ಆಫ್ರಿಕ ದೂರ ಅನ್ನಿಸಲಿಲ್ಲ. ನಮ್ಮಲ್ಲಿ ಸೈನ್ಯ ಬರಲಿಲ್ಲ, ಒಳ್ಳೆಯದೇ ಆಯಿತು. ನಮ್ಮಲ್ಲಿ ಬರುವುದು ದೆಹಲಿಯ ಮಾತು. 1990ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ವೀರೇಂದ್ರ ಪಾಟೀಲರ ಕುರ್ಚಿ ಹೋದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿಯವರು ಆಡಿದ ಮಾತಿನಿಂದ.

ಮತ್ತೆ ಅರಸು ಅವರಿಗೆ. 1972ರಲ್ಲಿ ಎಲ್.ಜಿ. ಹಾವನೂರರ ಆಯೋಗ, 1975ರಲ್ಲಿ ಅದರ ವರದಿ. ಹಿಂದುಳಿದವರು ಯಾರು ಅಂತ ಕೇರಿ ಕೇರಿ ತಿರುಗಿ ಕೇಳಿದ ವರದಿ ಅದು. ಬಲಾಢ್ಯ ಜಾತಿಯವರು ಸದನದಲ್ಲೇ ಹರಿದುಹಾಕಿದರು. ಹರಿದದ್ದು ಕಾಗದ ಮಾತ್ರ. ಅದೇ ಹೊತ್ತಿಗೆ ತುರ್ತು ಪರಿಸ್ಥಿತಿ. ಒಂದು ಕೈಯಲ್ಲಿ ಭೂಮಿ ಹಂಚುತ್ತಿದ್ದ ಸರ್ಕಾರ ಇನ್ನೊಂದು ಕೈಯಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಬೀಗ ಹಿಡಿದಿತ್ತು. ಸ್ನೇಹಲತಾ ರೆಡ್ಡಿಯವರು ಆ ಜೈಲಿನಿಂದ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಅದು ಇತಿಹಾಸವಲ್ಲ, ಹೊಗಳುಭಟರ ಪದ್ಯ.

ಆ ಇನ್ನೊಂದು ಕಾಯಿದೆ 1978ರದು. 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವ ಹಾಗಿಲ್ಲ. ಷರತ್ತು ಮೀರಿ ಹಿಂದೆ ಕೊಂಡಿದ್ದರೂ ಆ ಕ್ರಯ ರದ್ದು. ಜಮೀನು ಮೂಲದವನಿಗೇ ವಾಪಸ್. ಪಿ.ಟಿ.ಸಿ.ಎಲ್. ಅಂತ ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಕರೆಯುವ ಈ ಕಾಯಿದೆ ನಮ್ಮ ಕೇರಿಗಳಲ್ಲಿ ಓದು ಬಾರದವರ ಬಾಯಲ್ಲೂ ಇದೆ. ನಮ್ಮ ತಾತನಿಗೆ 1964ರಲ್ಲಿ ಎರಡೆಕರೆ ಮಂಜೂರಾಗಿತ್ತು. ಬರೀ ಕಲ್ಲು. ಕಲ್ಲು ಆಯ್ದು ಆಯ್ದು ಹೊಲ ಮಾಡಿದ್ದು ಅಜ್ಜಿ. ದೊಡ್ಡತ್ತೆಯ ಮದುವೆಗೆ ಅಂತ ಪಡೆದ ಮುನ್ನೂರು ರೂಪಾಯಿಗೆ, ಊರಿನ ಒಬ್ಬ ದೊಡ್ಡವರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಾಲದ ಪತ್ರ ಅಂತ ತಾತ ತಿಳಿದಿದ್ದು ಕ್ರಯಪತ್ರವಾಗಿತ್ತು. ಅರಸು ಸತ್ತ ಎಷ್ಟೋ ವರ್ಷದ ಮೇಲೆ ಯಾರೋ ಮೇಷ್ಟ್ರು 'ಅರಸು ಕಾನೂನು ಮಾಡವ್ರೆ, ನಿಮ್ಮ ಜಮೀನು ನಿಮಗೇ ಬತ್ತದೆ' ಅಂದರು. ಅವತ್ತಿನಿಂದ ಅಜ್ಜಿಗೆ ಆ ಹೆಸರು ಬಾಯಿಪಾಠ.

ಆಮೇಲಿನವರನ್ನು ಒಬ್ಬೊಬ್ಬರಾಗಿ ಬರೆಯುತ್ತಾ ಹೋದರೆ ಪುಟ ಸಾಲದು. ಗುಂಡೂರಾಯರ ಕಾಲದಲ್ಲಿ, 1980ರಲ್ಲಿ, ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ನಜೀರ್ ಸಾಬರು ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಆದರು, ಅಧಿಕಾರ ಜಿಲ್ಲಾ ಪರಿಷತ್ತಿಗೆ ಇಳಿಯಿತು. ಅದೇ ಸರ್ಕಾರದ ಕಾಲದಲ್ಲೇ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ ಸಂಘರ್ಷ ಸಮಿತಿ ಬೀದಿಗಿಳಿಯಬೇಕಾಯಿತು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ನಮ್ಮವರಿಗೆ ಮಲ ತಿನ್ನಿಸಿದರು. ಮಲ ಹೊರುವುದನ್ನು ನಿಲ್ಲಿಸಿದ ರಾಜ್ಯದಲ್ಲಿ ಹದಿನೈದು ವರ್ಷ ಕಳೆಯುವಷ್ಟರಲ್ಲಿ ಇದು. ಬಂಗಾರಪ್ಪನವರ ಆಶ್ರಯ ಮನೆಗಳಲ್ಲಿ ನಮ್ಮ ಕೇರಿಯ ಅರ್ಧ ಜನ ವಾಸವಿದ್ದಾರೆ, ಅದನ್ನು ಹೇಳದಿದ್ದರೆ ಉಪ್ಪು ತಿಂದು ಮರೆತ ಹಾಗೆ. ಮೊಯ್ಲಿ, ದೇವೇಗೌಡ, ಜೆ.ಎಚ್. ಪಟೇಲ್ ಬಂದು ಹೋದರು.

ಎಸ್.ಎಂ. ಕೃಷ್ಣ ಅವರ ಕಾಲವನ್ನು ಪುಸ್ತಕಗಳು ಐಟಿ ಯುಗ ಅನ್ನುತ್ತವೆ. 2000ದ ಮಾರ್ಚ್ 11ರಂದು, ಆ ಐಟಿಯ ಬೆಂಗಳೂರಿನಿಂದ ಒಂದು ಬಸ್ಸಿನ ದಾರಿಯಲ್ಲಿರುವ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವ ಸುಟ್ಟರು. ಮನೆಗೆ ಹೊರಗಿನಿಂದ ಚಿಲಕ ಹಾಕಿ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನ ತಾವೇ ಹೊರಗಿನಿಂದ ಚಿಲಕ ಹಾಕಿಕೊಂಡು ಒಳಗೆ ಸತ್ತರೇ? ಆ ಪ್ರಶ್ನೆಗೆ ಆ ಆರು ವರ್ಷದಲ್ಲಿ ಕುರ್ಚಿಯಲ್ಲಿ ಕೂತ ಮೂವರಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಕೃಷ್ಣ ಮುಖ್ಯಮಂತ್ರಿಯಾದ 1999ರಲ್ಲಿ, ಧರ್ಮಸಿಂಗ್ ಆದ 2004ರಲ್ಲಿ, ಸಿದ್ದರಾಮಯ್ಯ ಆದ 2013ರಲ್ಲಿ, ಮೂರು ಸಲವೂ ಮಲ್ಲಿಕಾರ್ಜುನ ಖರ್ಗೆಯವರ ಹೆಸರು ಬಾಗಿಲವರೆಗೆ ಬಂದು ಹಿಂದೆ ಹೋಯಿತು. 1972ರಿಂದ ಗುರುಮಠಕಲ್‌ನಲ್ಲಿ ಸೋಲೇ ಕಾಣದೆ ಗೆದ್ದವರು, ಖಾತೆಗಳನ್ನೆಲ್ಲ ನೋಡಿದವರು. 2022ರಲ್ಲಿ ಅವರು ಇಡೀ ದೇಶಕ್ಕೆ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮುಖ್ಯಮಂತ್ರಿ ಯಾರಾಗಬೇಕು ಅಂತ ಹೇಳುವ ಜಾಗ ಸಿಕ್ಕಿತು, ಆಗುವ ಜಾಗ ಸಿಗಲಿಲ್ಲ. ಅವರಿಗೂ ಹಿಂದೆ ಬಿ. ರಾಚಯ್ಯನವರು, ಎಷ್ಟೋ ಮಂತ್ರಿಮಂಡಲ ಕಂಡವರು, ಕೊನೆಗೆ ಕೇರಳದ ರಾಜ್ಯಪಾಲರಾದರು. 2013ರಲ್ಲಿ ಪಕ್ಷವನ್ನು ಅಧಿಕಾರಕ್ಕೆ ತಂದ ಅಧ್ಯಕ್ಷ ಜಿ. ಪರಮೇಶ್ವರ್ ತಮ್ಮ ಕೊರಟಗೆರೆಯಲ್ಲೇ ಸೋತರು, 2018ರಲ್ಲಿ ಉಪಮುಖ್ಯಮಂತ್ರಿಯಾದರು. ಇತ್ತ ಬಿಜೆಪಿಯ ನಾಲ್ವರು ಮುಖ್ಯಮಂತ್ರಿಗಳಲ್ಲಿ ಮೂವರು ಲಿಂಗಾಯತರು, ಒಬ್ಬರು ಒಕ್ಕಲಿಗರು. ಆ ಕಡೆಯಿಂದ ಒಬ್ಬ ದಲಿತನ ಹೆಸರು ಬಾಗಿಲವರೆಗೂ ಬರಲಿಲ್ಲ.

ಇಪ್ಪತ್ತಮೂರನ್ನು ಎಣಿಸಿ ನೋಡಿದೆ. ಲಿಂಗಾಯತರು 9, ಒಕ್ಕಲಿಗರು 7, ಬ್ರಾಹ್ಮಣರು 2, ಉಳಿದ ಐವರು ಬೇರೆ ಬೇರೆ. ದಲಿತರು ಸೊನ್ನೆ. ಆದಿವಾಸಿಗಳು ಸೊನ್ನೆ. ಮುಸಲ್ಮಾನರು ಸೊನ್ನೆ. ಹೆಂಗಸರೂ ಸೊನ್ನೆ, ಈ ಕೊನೆಯ ಸೊನ್ನೆಯನ್ನು ನಮ್ಮ ಸಭೆಗಳಲ್ಲೂ ಯಾರೂ ಎತ್ತುವುದಿಲ್ಲ. ಪಕ್ಕದ ಆಂಧ್ರದಲ್ಲಿ ದಾಮೋದರಂ ಸಂಜೀವಯ್ಯ 1960ರಲ್ಲೇ ಮುಖ್ಯಮಂತ್ರಿ. ಬಿಹಾರದಲ್ಲಿ ಭೋಲಾ ಪಾಸ್ವಾನ್ ಶಾಸ್ತ್ರಿ 1968ರಲ್ಲಿ. ಉತ್ತರ ಪ್ರದೇಶದಲ್ಲಿ ಮಾಯಾವತಿ 1995ರಲ್ಲಿ. ಬಸವಣ್ಣನ ನಾಡು ಅಂತ ಎದೆ ತಟ್ಟಿಕೊಳ್ಳುವ ನಮಗೆ ಬಿಹಾರ ಹಿಂದುಳಿದ ರಾಜ್ಯ!

'ನಿಮ್ಮವನೇ ಕೂತರೆ ಏನು ಕಡಿದು ಗುಡ್ಡೆ ಹಾಕ್ತಾನೆ? ಕೆಲಸ ಮುಖ್ಯ, ಜಾತಿ ಯಾಕೆ?' ಅಂತ ಸ್ನೇಹಿತರೊಬ್ಬರು ಕೇಳಿದರು. ಅರ್ಧ ಒಪ್ಪುತ್ತೇನೆ. ಕುರ್ಚಿಯಲ್ಲಿ ಕೂತ ದಲಿತ ದಲಿತರನ್ನೇ ಮರೆಯಬಹುದು, ಅಂಥವರನ್ನು ನಾವೇ ಕಂಡಿದ್ದೇವೆ. ದಲಿತನಲ್ಲದ ಅರಸು ಭೂಮಿಯ ಕಾಯಿದೆ ತಂದರು. 2013ರಲ್ಲಿ ನಮ್ಮ ಪಾಲಿನ ಹಣ ನಮಗೇ ಖರ್ಚಾಗಲಿ ಅಂತ ಕಾಯಿದೆ ತಂದ ಸಿದ್ದರಾಮಯ್ಯನವರೂ ದಲಿತರಲ್ಲ. ಆದರೆ ಈ 'ಜಾತಿ ಯಾಕೆ' ಅನ್ನುವ ಪ್ರಶ್ನೆ ಹುಟ್ಟುವುದು ನಮ್ಮ ಸರದಿ ಬಂದಾಗ ಮಾತ್ರ. ಈ ಕೋಣೆ ಸಿಗುವ ಮುಂಚೆ ನಾಲ್ಕು ಮನೆಯವರು 'ನಿಮ್ಮದು ಊಟ ಹೇಗೆ?' ಅಂತ ಕೇಳಿದರು. ಅವರು ಕೇಳಿದ್ದು ಊಟವನ್ನಲ್ಲ. ಮನೆ ಬಾಡಿಗೆಗೆ ಬೇಕಾದ ಜಾತಿ ಮುಖ್ಯಮಂತ್ರಿಗಿರಿಗೆ ಬೇಡವಾಯಿತೇ?

ಒಳಗೊಂದು ಮಾತು ನಮಗೂ ಇದೆ. ಎಡಗೈ ಬಲಗೈ ಅಂತ ನಾವೇ ಕಿತ್ತಾಡಿದ ವರ್ಷಗಳೆಷ್ಟು? ಒಳಮೀಸಲಾತಿಗೆ 2005ರಲ್ಲಿ ನೇಮಿಸಿದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಒಬ್ಬರಾದ ಮೇಲೆ ಒಬ್ಬರು ಮುಖ್ಯಮಂತ್ರಿಗಳು ಅದರ ಮೇಲೆ ಕೂತರು. ಸಂಪುಟ ಒಂದು ಹಂಚಿಕೆಗೆ ಒಪ್ಪಿದ್ದು 2025ರ ಆಗಸ್ಟಿನಲ್ಲಿ. ಇಪ್ಪತ್ತು ವರ್ಷ. ನಾವು ಕಿತ್ತಾಡಿದಷ್ಟೂ ದಿನ ಆ ಕುರ್ಚಿ ನೆಮ್ಮದಿಯಾಗಿತ್ತು.

ಗೋಡೆಯ ಇನ್ನೊಂದು ಕಡೆಯ ಪಂಚಾಂಗದ ಮೊದಲ ಪುಟಗಳಲ್ಲೂ ಒಂದು ಮಂತ್ರಿಮಂಡಲ ಇದೆ. ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ. ಯುಗಾದಿ ಯಾವ ವಾರ ಬೀಳುತ್ತದೋ ಆ ಗ್ರಹವೇ ಆ ವರ್ಷದ ರಾಜ. 2022ರಲ್ಲಿ ಶನಿವಾರ ಬಿತ್ತು, ಶನಿ ರಾಜನಾದ. ಎಲ್ಲರೂ ಎಣ್ಣೆ ಸುರಿದು ದೂರ ಇಡುವ ಶನಿಗೂ ಪುರೋಹಿತರ ಲೆಕ್ಕದಲ್ಲಿ ಸರದಿ ಬರುತ್ತದೆ. ಇದನ್ನು ಓದಿ ಹೇಳಿದಾಗ ಅಜ್ಜಿ ಬಾಯಿ ತುಂಬ ನಕ್ಕಿತು.

ತಾತನ ಎರಡೆಕರೆ ಇನ್ನೂ ಬಂದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು 'ಸಕಾಲದಲ್ಲಿ ಅರ್ಜಿ ಹಾಕಬೇಕಿತ್ತು' ಅಂದ ಮೇಲೆ ರಾಜ್ಯದ ಎಷ್ಟೋ ಕೇಸುಗಳು ತಡವಾಯಿತೆಂದು ಬಿದ್ದವು, ನಮ್ಮದೂ ಬಿತ್ತು. ಹೆಬ್ಬೆಟ್ಟಿನವನಿಗೆ ಕಾಲ ಯಾವುದು ಸಕಾಲ ಯಾವುದು ಅಂತ ಹೇಳಿಕೊಟ್ಟವರು ಯಾರು? 2020ರಲ್ಲಿ ಯಡಿಯೂರಪ್ಪನವರ ಸರ್ಕಾರ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದು, ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತ ಮಾಡಿತು. ನಮ್ಮ ಆ ಕಲ್ಲು ಹೊಲದ ಪಕ್ಕದಲ್ಲೇ ಈಗ ಲೇಔಟಿನ ಬಣ್ಣದ ಕಲ್ಲುಗಳನ್ನು ನೆಟ್ಟಿದ್ದಾರೆ. 2023ರಲ್ಲಿ ಸಂಘಟನೆಗಳ ಹೋರಾಟದಿಂದ ಪಿ.ಟಿ.ಸಿ.ಎಲ್. ಕಾಯಿದೆಗೆ ತಿದ್ದುಪಡಿ ಬಂತು. ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆದರು. ಮತ್ತೆ ಅರ್ಜಿ ಹಾಕಿದ್ದೇವೆ. ಈ ಸಲ ಅರ್ಜಿ ಬರೆದವನು ನಾನೇ.

ಅಜ್ಜಿಯನ್ನು ಬಸ್ಸು ಹತ್ತಿಸಲು ಹೋದಾಗ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ್ದರು. ಕಿಟಕಿಯಿಂದ ಬಗ್ಗಿ, 'ಆ ಪಟ್ಟಿಲಿ ಬಸವಲಿಂಗಪ್ನೋರ ಹೆಸ್ರೂ ಒಂದು ಬರ್ಕೊಂಬುಡು ಮಗ' ಅಂತು. ಹಂಗೆ ಬರೆದರೆ ಪರೀಕ್ಷೆಯಲ್ಲಿ ಮಾರ್ಕು ಹೋಗುತ್ತೆ ಕಣಜ್ಜಿ ಅಂದೆ. ಬಸ್ಸು ಹೊರಟಿತು. ಕೋಣೆಗೆ ಬಂದು ಪಟ್ಟಿಯ ಕೆಳಗೆ, ಇಪ್ಪತ್ತಮೂರರ ನಂತರ, ಒಂದು ಗೆರೆ ಎಳೆದು ಪೆನ್ಸಿಲಿನಲ್ಲಿ ಬರೆದೆ.